ಪೇಟೆಚೌಕದ ನಡುವೆ ನಿಂತ ನ್ಯಾಯಾಲಯ

ಈ ಅಂಕಣಕ್ಕೆ ಸಾಮಾನ್ಯವಾಗಿ ಒಂದಕ್ಕೊಂದು ಸಂಬಂಧವಿಲ್ಲದ ಪತ್ರಗಳು ಬರುತ್ತವೆ. ಕಳೆದ ಸಂಚಿಕೆಯಲ್ಲಿ ಕದ್ರಿಯ ಓದುಗರೊಬ್ಬರ ಪ್ರಶ್ನೆಯನ್ನು ಮಾತ್ರ ಪ್ರಕಟಿಸಿ, ಉತ್ತರಕ್ಕೆ ಒಂದು ತಿಂಗಳ ಅವಕಾಶ ಕೇಳಿದ್ದೆ. ಅಷ್ಟರಲ್ಲಿ ಅದೇ ವಿಷಯವನ್ನು ಹಿಡಿದು ಮಂಗಳೂರು, ಉಡುಪಿ ಕಡೆಗಳಿಂದ ಮತ್ತಷ್ಟು ಪತ್ರಗಳು ಬಂದವು. ಆದ್ದರಿಂದ ಈ ಬಾರಿಯ ಪುಟಗಳನ್ನು ಪೂರ್ತಿಯಾಗಿ ಕೋರ್ಟು ಕಟ್ಟಡಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ (ನಿವೃತ್ತ ಶಿಕ್ಷಕಿ, ಕದ್ರಿ, ಮಂಗಳೂರು): ಮಗಳ ಬಾಣಂತನಕ್ಕೆಂದು ಟೆಕ್ಸಾಸಿಗೆ ಹೋಗಿದ್ದಾಗ ಡಲ್ಲಾಸಿನ ದಕ್ಷಿಣಕ್ಕಿರುವ ವಾಕ್ಸಹಾಚಿ ಎಂಬ ಚಿಕ್ಕ ಊರನ್ನು ನೋಡಿದೆ. ಪೇಟೆಯ ನಟ್ಟನಡುವೆ ಗೋಪುರ, ಗಡಿಯಾರ, ಕಮಾನುಗಳಿಂದ ಕೂಡಿದ ಅರಮನೆಯಂಥ ಕೆಂಪು ಕಟ್ಟಡವಿತ್ತು. ಅದು ಎಲ್ಲಿಸ್ ಕೌಂಟಿಯ ಕೋರ್ಟ್‌ಹೌಸ್ ಎಂದು ಅಳಿಯ ಹೇಳಿದರು. ಕೌಂಟಿ ಎಂದರೆ ನಮ್ಮ ಜಿಲ್ಲೆಯೇ, ತಾಲ್ಲೂಕೇ? ಅಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಕೋರ್ಟು ಏತಕ್ಕೆ?

ಉತ್ತರ: ಕೌಂಟಿಯನ್ನು ನಮ್ಮ ಆಡಳಿತದ ಯಾವ ಒಂದು ಘಟಕಕ್ಕೂ ಸರಿಯಾಗಿ ಹೊಂದಿಸಲು ಬರುವುದಿಲ್ಲ. ಟೆಕ್ಸಾಸಿನ ಸಾಧಾರಣ ಕೌಂಟಿಯೊಂದು ಸುಮಾರು 30 ಮೈಲಿ ಉದ್ದ, ಅಷ್ಟೇ ಅಗಲ ಇರುತ್ತದೆ. ಎಂದರೆ ವಿಸ್ತಾರದಲ್ಲಿ ನಮ್ಮ ಎರಡು ಮೂರು ತಾಲ್ಲೂಕುಗಳಷ್ಟು. ಅಧಿಕಾರದಲ್ಲಿ ಮಾತ್ರ ಅದು ಜಿಲ್ಲೆಯನ್ನು ಹೋಲುತ್ತದೆ. ಇಡೀ ಅಮೆರಿಕದಲ್ಲಿ 3,100ಕ್ಕೂ ಹೆಚ್ಚು ಕೌಂಟಿಗಳಿದ್ದು, ಟೆಕ್ಸಾಸ್ ಒಂದರಲ್ಲೇ 254 ಇವೆ; ಬೇರಾವ ರಾಜ್ಯದಲ್ಲಿಯೂ ಇಷ್ಟಿಲ್ಲ. ವ್ಯವಸ್ಥೆಯ ಬೇರು ಇಂಗ್ಲೆಂಡಿನದು. ವರ್ಜೀನಿಯಾದ ವಸಾಹತನ್ನು 1634ರಲ್ಲಿ ಎಂಟು ‘ಶೈರ್’ಗಳಾಗಿ ವಿಂಗಡಿಸಿದರು, ಅವೇ ಮುಂದೆ ಕೌಂಟಿಗಳೆನಿಸಿಕೊಂಡವು. ಶೈರಿನ ‘ರೀವ್’, ಎಂದರೆ ಅಲ್ಲಿನ ಅಧಿಕಾರಿ, ಬಾಯಿಂದ ಬಾಯಿಗೆ ಸವೆದು ‘ಶೆರಿಫ್’ ಆದ.

‘ಕೋರ್ಟ್‌ಹೌಸ್’ ಎಂಬ ಹೆಸರು ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಅದು ಬರಿಯ ಕೋರ್ಟಲ್ಲ. ಜಮೀನಿನ ಕ್ರಯಪತ್ರ ನೋಂದಾಯಿಸುವವರು, ಆಸ್ತಿ ತೆರಿಗೆ ಕಟ್ಟುವವರು, ಮದುವೆಯ ಪರವಾನಗಿ ಕೇಳುವವರು, ಉಯಿಲನ್ನು ಊರ್ಜಿತಗೊಳಿಸಬೇಕಾದವರು, ಹಿಂದಿನ ಕಾಲದಲ್ಲಿ ದನಗಳ ಮುದ್ರೆಯ ಗುರುತನ್ನು ದಾಖಲಿಸಬೇಕಾದವರು ಎಲ್ಲರೂ ಹತ್ತುತ್ತಿದ್ದುದು ಅದೇ ಮೆಟ್ಟಿಲುಗಳನ್ನು. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿ, ಖಜಾನೆ, ತಾಲ್ಲೂಕು ಕಚೇರಿ, ಜಿಲ್ಲಾ ಪಂಚಾಯತು ಮತ್ತು ನ್ಯಾಯಾಲಯ ಇಷ್ಟನ್ನೂ ಒಂದೇ ಮಾಡಿನಡಿ ತಂದರೆ ಹೇಗಿರುತ್ತದೋ ಅದು ಹಾಗಿತ್ತು. ಟೆಕ್ಸಾಸಿನಲ್ಲಂತೂ ಕೌಂಟಿಯ ಆಡಳಿತ ನಡೆಸುವ ಚುನಾಯಿತ ಮಂಡಳಿಯ ಹೆಸರೇ ‘ಕಮಿಷನರ್ಸ್ ಕೋರ್ಟ್’. ಅದರ ಅಧ್ಯಕ್ಷನನ್ನು ‘ಕೌಂಟಿ ಜಡ್ಜ್’ ಎನ್ನುತ್ತಾರಾದರೂ, ಆತ ಕಾನೂನು ಪದವೀಧರನಾಗಿರಲೇಬೇಕೆಂಬ ನಿಯಮವಿಲ್ಲ. ಕಾನೂನಿನ ಒಳ್ಳೆಯ ತಿಳಿವಳಿಕೆ ಇದ್ದರೆ ಸಾಕೆಂದು ಆ ರಾಜ್ಯದ 1876ರ ಸಂವಿಧಾನ ಹೇಳುತ್ತದೆ.

ಇನ್ನು ಗಾತ್ರದ ಮಾತು. ಆ ಕಟ್ಟಡಕ್ಕೆ ದುಡ್ಡು ಕೊಟ್ಟವರು ಯಾರು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಕಟ್ಟಡದ ಅರ್ಧ ಚರಿತ್ರೆ ಅಲ್ಲೇ ಇರುತ್ತದೆ. ಎಲ್ಲಿಸ್ ಕೌಂಟಿಯ ಕಟ್ಟಡಕ್ಕೆ ವಾಷಿಂಗ್ಟನ್ನಿನಿಂದಾಗಲಿ ರಾಜ್ಯದ ರಾಜಧಾನಿಯಿಂದಾಗಲಿ ಅನುದಾನ ಬರಲಿಲ್ಲ. ಕೋರ್ಟ್‌ಹೌಸ್ ಕಟ್ಟಲು ಕೌಂಟಿಗಳು ಬಾಂಡು ಮಾರಿ ಸಾಲ ಎತ್ತಬಹುದೆಂದು ಟೆಕ್ಸಾಸಿನ ಶಾಸನಸಭೆ 1881ರಲ್ಲಿ ಅನುಮತಿ ಕೊಟ್ಟಿತು. ಆ ಸಾಲವನ್ನು ಅಲ್ಲಿನ ರೈತರೇ ತೆರಿಗೆಯ ಮೂಲಕ ತೀರಿಸಬೇಕಿತ್ತು. ವಾಕ್ಸಹಾಚಿಯ ಸುತ್ತಮುತ್ತ ಆಗ ಹತ್ತಿಯ ಬೆಳೆ ಚಿನ್ನದಂತೆ ಬರುತ್ತಿತ್ತು. ಕೈಯಲ್ಲಿ ಹಣವಿತ್ತು, ಪಕ್ಕದ ಕೌಂಟಿಯವರ ಗೋಪುರ ಕಣ್ಣಿಗೆ ಬೀಳುತ್ತಿತ್ತು. ಹೀಗೆ 1895ರಿಂದ 1897ರವರೆಗೆ ಕಟ್ಟಿ ಮುಗಿಸಿದ ಕೆಂಪು ಮರಳುಗಲ್ಲು ಮತ್ತು ಗುಲಾಬಿ ಗ್ರಾನೈಟಿನ ಕಟ್ಟಡವೇ ನೀವು ಕಂಡದ್ದು. ನಮ್ಮ ಸೀಮೆಯಲ್ಲಿ ಊರಿಗೆ ಊರೇ ಸೇರಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೈಯೆತ್ತಿ ಕೊಡುತ್ತದೆ. ಅವರು ಅದೇ ಹುಮ್ಮಸ್ಸಿನಲ್ಲಿ ಕೋರ್ಟು ಕಟ್ಟಿದರು ಎಂದರೆ ನಿಮಗೆ ಚಿತ್ರ ಸ್ಪಷ್ಟವಾದೀತು.

ಪ್ರಶ್ನೆ (ಕುಂಜಿಬೆಟ್ಟು, ಉಡುಪಿ): ಕೌಂಟಿಯ ಕೇಂದ್ರ ಯಾವ ಊರಾಗಬೇಕೆಂದು ಯಾರು ತೀರ್ಮಾನಿಸುತ್ತಿದ್ದರು? ಜಗಳವಾಗುತ್ತಿರಲಿಲ್ಲವೇ?

ಉತ್ತರ: ಜಗಳವಷ್ಟೇ ಅಲ್ಲ, ಗುಂಡು ಹಾರಿಸಿಕೊಂಡದ್ದೂ ಉಂಟು. ಅನೇಕ ಕಡೆ ಮತದಾನದಿಂದ ಕೇಂದ್ರವನ್ನು ಆರಿಸುತ್ತಿದ್ದರು. ಕೇಂದ್ರವಾದ ಊರಿಗೆ ವಕೀಲರು, ಹೋಟೆಲು, ಪತ್ರಿಕೆ, ಕೆಲವೊಮ್ಮೆ ರೈಲೂ ಬರುತ್ತಿತ್ತು. ಸೋತ ಊರು ಹತ್ತು ವರ್ಷದಲ್ಲಿ ಹಾಳು ಬೀಳುವ ಸಂಭವವಿತ್ತು. ಕಾನ್ಸಾಸ್ ರಾಜ್ಯದ ಗ್ರೇ ಕೌಂಟಿಯಲ್ಲಿ ಸಿಮರಾನ್ ಮತ್ತು ಇಂಗಲ್ಸ್ ಎಂಬ ಎರಡು ಊರುಗಳ ನಡುವೆ ಇಂಥದೇ ಪೈಪೋಟಿ ನಡೆದು, 1889ರ ಜನವರಿಯಲ್ಲಿ ಇಂಗಲ್ಸ್ ಕಡೆಯವರು ಬಂದೂಕುಧಾರಿಗಳನ್ನು ಕರೆದುಕೊಂಡು ಹೋಗಿ ಸಿಮರಾನಿನ ಕೋರ್ಟ್‌ಹೌಸಿನಿಂದ ದಾಖಲೆಯ ಪುಸ್ತಕಗಳನ್ನು ಬಂಡಿಗೆ ಹೇರಲು ತೊಡಗಿದರು. ಊರಿನವರು ಎದುರು ನಿಂತು ಗುಂಡು ಹಾರಿಸಿದರು, ಜೀವವೂ ಹೋಯಿತು. ಎಲ್ಲಿ ದಾಖಲೆಯೋ ಅಲ್ಲೇ ಕೌಂಟಿ ಎಂಬ ಲೆಕ್ಕ.

1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಉಡುಪಿ, ಕುಂದಾಪುರ, ಕಾರ್ಕಳ ತಾಲ್ಲೂಕುಗಳು ಬೇರ್ಪಟ್ಟು ನಿಮ್ಮ ಜಿಲ್ಲೆಯಾದಾಗ ಕಡತಗಳು ಮಂಗಳೂರಿನಿಂದ ಶಾಂತವಾಗಿ ಬಂದವು. ಜಿಲ್ಲಾಧಿಕಾರಿಯವರ ಕಚೇರಿ ಮುಂದೆ ಮಣಿಪಾಲದ ರಜತಾದ್ರಿಗೆ ಏರಿತು, ಕೋರ್ಟು ಉಡುಪಿ ಪೇಟೆಯಲ್ಲೇ ಉಳಿಯಿತು. ಸಿಮರಾನಿನವರು ಇದನ್ನು ಕೇಳಿದ್ದರೆ ನಂಬುತ್ತಿರಲಿಲ್ಲವೇನೋ.

ಪ್ರಶ್ನೆ (ವಾಸ್ತುಶಿಲ್ಪ ವಿದ್ಯಾರ್ಥಿ, ಮಣಿಪಾಲ): ಈ ಕಟ್ಟಡಗಳ ಶೈಲಿ ಕಾಲಕ್ರಮದಲ್ಲಿ ಹೇಗೆ ಬದಲಾಯಿತು? ಗೋಪುರಕ್ಕೆ ಅಲಂಕಾರವಲ್ಲದೆ ಬೇರೆ ಉಪಯೋಗ ಇತ್ತೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಚೆನ್ನಾಗಿದೆ; ಅದಕ್ಕೆ ಬರುವ ಮೊದಲು ಶೈಲಿಯ ಕಥೆಯನ್ನು ಬೇಗನೆ ಹೇಳಿಬಿಡುತ್ತೇನೆ.

ಆರಂಭದ ಕೋರ್ಟ್‌ಹೌಸುಗಳು ಚಿಕ್ಕವು. ವರ್ಜೀನಿಯಾದ ಕಿಂಗ್ ವಿಲಿಯಂ ಕೌಂಟಿಯಲ್ಲಿ ಸುಮಾರು 1725ರಲ್ಲಿ ಕಟ್ಟಿದ ಇಟ್ಟಿಗೆಯ ಕಟ್ಟಡ ಇಂದಿಗೂ ಇದೆ; ಬಿಡದೆ ಬಳಕೆಯಲ್ಲಿರುವ ಅಮೆರಿಕದ ಕೋರ್ಟ್‌ಹೌಸುಗಳಲ್ಲಿ ಅದೇ ಅತ್ಯಂತ ಹಳೆಯದೆಂದು ಹೇಳುತ್ತಾರೆ. ಮುಂಭಾಗದಲ್ಲಿ ಸಾಲು ಕಮಾನುಗಳ ತೆರೆದ ಜಗಲಿ, ಹಿಂದೆ ಒಂದು ದೊಡ್ಡ ಕೋಣೆ, ಅಷ್ಟೇ. ಕಕ್ಷಿಗಾರರು, ಸಾಕ್ಷಿಗಳು, ಸುಮ್ಮನೆ ನೋಡಲು ಬಂದವರು ಆ ಜಗಲಿಯಲ್ಲಿ ಮಳೆಗೂ ಬಿಸಿಲಿಗೂ ಸಿಗದೆ ಕಾಯಬಹುದಿತ್ತು. ನಮ್ಮ ಗುತ್ತಿನ ಮನೆಯ ಚಾವಡಿಯನ್ನು ಬಲ್ಲವರಿಗೆ ಆ ಜಗಲಿಯ ಉಪಯೋಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಮಾದರಿಯ ಹ್ಯಾನೋವರ್ ಕೌಂಟಿಯ ಕೋರ್ಟ್‌ಹೌಸಿನಲ್ಲಿ, ಪಾದ್ರಿಗಳ ಸಂಬಳದ ದಾವಾದಲ್ಲಿ, 1763ರ ಡಿಸೆಂಬರಿನಲ್ಲಿ ಪ್ಯಾಟ್ರಿಕ್ ಹೆನ್ರಿ ಎಂಬ ತರುಣ ವಕೀಲ ಇಂಗ್ಲೆಂಡಿನ ಅರಸನ ಅಧಿಕಾರವನ್ನೇ ಪ್ರಶ್ನಿಸಿ ವಾದಿಸಿದ. ಸ್ವಾತಂತ್ರ್ಯ ಸಮರಕ್ಕೆ ಇನ್ನೂ ಹನ್ನೆರಡು ವರ್ಷಗಳಿದ್ದವು.

ಸ್ವಾತಂತ್ರ್ಯದ ಬಳಿಕ ಹೊಸ ಗಣರಾಜ್ಯಕ್ಕೆ ಗ್ರೀಸ್ ರೋಮ್‌ಗಳ ಹುಚ್ಚು ಹಿಡಿಯಿತು. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಫ್ರಾನ್ಸಿನ ನೀಮ್ ನಗರದ ರೋಮನ್ ದೇಗುಲವೊಂದನ್ನು ಮಾದರಿಯಾಗಿಟ್ಟುಕೊಂಡು ವರ್ಜೀನಿಯಾದ ಶಾಸನಸಭಾ ಭವನವನ್ನು ರೂಪಿಸಿದ ಮೇಲೆ, ಎತ್ತರದ ಕಂಬಗಳೂ ಅವುಗಳ ಮೇಲೊಂದು ತ್ರಿಕೋನವೂ ಇಲ್ಲದ ಕೋರ್ಟು ಕೋರ್ಟೇ ಅಲ್ಲ ಎಂಬಷ್ಟು ಆ ರೂಪ ಹಬ್ಬಿತು. ನನ್ನ ಅಭಿಪ್ರಾಯದಲ್ಲಿ ಇವುಗಳಲ್ಲಿ ಬಹುಪಾಲು ಒಂದನ್ನು ನೋಡಿದರೆ ಹತ್ತನ್ನು ನೋಡಿದಂತೆ. ಆದರೆ ಇದೇ ಕಾಲದ ಒಂದು ಕಟ್ಟಡವನ್ನು ನೀವು ವಿದ್ಯಾರ್ಥಿಯಾಗಿ ಗಮನಿಸಲೇಬೇಕು. ರಾಬರ್ಟ್ ಮಿಲ್ಸ್ ಎಂಬ ವಾಸ್ತುಶಿಲ್ಪಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ದಾಖಲೆಗಳಿಗೆಂದೇ ಕಟ್ಟಿ 1827ರಲ್ಲಿ ಮುಗಿಸಿದ ಭವನಕ್ಕೆ ಜನರು ಇಟ್ಟ ಹೆಸರೇ ‘ಬೆಂಕಿ ತಾಗದ ಕಟ್ಟಡ’. ಮರದ ತೊಲೆಗಳ ಬದಲು ಇಟ್ಟಿಗೆಯ ಕಮಾನುಮಾಡು, ಕಲ್ಲಿನ ಮೆಟ್ಟಿಲು, ಕಬ್ಬಿಣದ ಕಿಟಕಿ ಬಾಗಿಲು. ಆ ದೇಶದಲ್ಲಿ ಕೋರ್ಟ್‌ಹೌಸಿನ ದೊಡ್ಡ ಶತ್ರು ಬೆಂಕಿ. ಅಮೆರಿಕದ ಅಂತರ್ಯುದ್ಧದ ಕೊನೆಗೆ ಹೆಸರಾದ ಅಪಮ್ಯಾಟಕ್ಸ್ ಕೋರ್ಟ್ ಹೌಸ್ ಎಂಬುದು ನಿಜಕ್ಕೂ ಒಂದು ಹಳ್ಳಿಯ ಹೆಸರು. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನೆಯ ಜನರಲ್ ಲೀ ಶರಣಾದದ್ದು ಕೋರ್ಟಿನೊಳಗಲ್ಲ, ಅಲ್ಲಿನ ಒಂದು ಮನೆಯ ಪಡಸಾಲೆಯಲ್ಲಿ, ಏಕೆಂದರೆ ಅಂದು ಭಾನುವಾರವಾದ್ದರಿಂದ ಕೋರ್ಟಿಗೆ ಬೀಗ ಹಾಕಿತ್ತು. 1892ರಲ್ಲಿ ಆ ಕೋರ್ಟು ಸುಟ್ಟುಹೋಯಿತು, ಕೌಂಟಿಯ ಕೇಂದ್ರ ರೈಲು ನಿಲ್ದಾಣದ ಬಳಿಗೆ ಹೋಯಿತು, ಹಳ್ಳಿ ಬರಿದಾಯಿತು. ವಂಶಾವಳಿ ಹುಡುಕುವವರು ಇಂಥ ಪ್ರದೇಶಗಳನ್ನು ಇಂದಿಗೂ ‘ಸುಟ್ಟ ಕೌಂಟಿಗಳು’ ಎನ್ನುತ್ತಾರೆ.

ಈಗ ಗೋಪುರ. ಅಮೆರಿಕದ ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಪ್ಯಾರಿಸಿನಲ್ಲಿ ಕಲಿತು ಬಂದವನು. ಮಧ್ಯಯುಗದ ಫ್ರಾನ್ಸ್ ಸ್ಪೇನುಗಳ ಒರಟುಗಲ್ಲಿನ ಗೋಡೆ, ತಗ್ಗಾದ ಅಗಲ ಕಮಾನು, ಗಿಡ್ಡ ಕಂಬಗಳನ್ನು ತನ್ನದೇ ರೀತಿಯಲ್ಲಿ ಬೆರೆಸಿದ. ಪಿಟ್ಸ್‌ಬರ್ಗಿನಲ್ಲಿರುವ ಅವನ ಅಲಘೆನಿ ಕೌಂಟಿ ಕೋರ್ಟ್‌ಹೌಸ್ 1884ರಲ್ಲಿ ಶುರುವಾಗಿ 1888ರಲ್ಲಿ ಮುಗಿಯಿತು; ಅವನು 1886ರಲ್ಲೇ ತೀರಿಕೊಂಡದ್ದರಿಂದ ಪೂರ್ಣಗೊಂಡ ರೂಪವನ್ನು ನೋಡಲಿಲ್ಲ. ಉಕ್ಕಿನ ಕಾರ್ಖಾನೆಗಳ ಹೊಗೆಯಿಂದ ಆ ನಗರ ಹಗಲಲ್ಲೂ ಕಪ್ಪಾಗಿರುತ್ತಿತ್ತು. ನೆಲಮಟ್ಟದ ಗಾಳಿಯನ್ನು ಒಳಗೆ ಬಿಟ್ಟರೆ ಮಸಿಯೇ ಬರುತ್ತದೆಂದು, ರಿಚರ್ಡ್‌ಸನ್ ಗೋಪುರದ ತುದಿಯಲ್ಲಿ ಗಾಳಿಕಂಡಿಗಳನ್ನಿಟ್ಟು ಅಲ್ಲಿಂದ ಶುದ್ಧಗಾಳಿ ಎಳೆದು ಕಟ್ಟಡಕ್ಕೆಲ್ಲ ಹಂಚುವ ಏರ್ಪಾಡು ಮಾಡಿದ. ನೋಡಿದವರಿಗೆ ಕೋಟೆಯ ಬುರುಜು, ಕೆಲಸದಲ್ಲಿ ಮೂಗು. ನಡುವೆ ತೆರೆದ ಅಂಗಳವಿಟ್ಟು ಹೆಚ್ಚಿನ ಕೋಣೆಗಳಿಗೆ ಬೆಳಕು ಬರುವಂತೆ ಮಾಡಿದ್ದಾನೆ. ತೊಟ್ಟಿಮನೆಯ ನಾಡಿನವರಾದ ನಮಗೆ ಇದು ಹೊಸತಲ್ಲ. ಹಿಂದಿನ ಬೀದಿಯ ಮೇಲಿನಿಂದ ಒಂದು ಕಲ್ಲಿನ ಸೇತುವೆ ಕೋರ್ಟನ್ನು ಜೈಲಿಗೆ ಜೋಡಿಸುತ್ತದೆ. ವೆನಿಸಿನ ಸೇತುವೆಯನ್ನು ನೆನೆದು ಇದನ್ನೂ ನಿಟ್ಟುಸಿರಿನ ಸೇತುವೆ ಎಂದೇ ಕರೆಯುತ್ತಾರೆ. ಅಂದಹಾಗೆ, 1913ರ ಹೊತ್ತಿಗೆ ನಗರದವರು ಮುಂದಿನ ಬೀದಿಯ ದಿಬ್ಬವನ್ನು ಕಡಿದು ತಗ್ಗಿಸಿದ್ದರಿಂದ ರಿಚರ್ಡ್‌ಸನ್ನನ ಮಹಾದ್ವಾರ ಗಾಳಿಯಲ್ಲಿ ಉಳಿದು, ಇಂದು ಜನರು ಒಳಗೆ ಹೋಗುವುದು ಮೊದಲು ನೆಲಮಾಳಿಗೆಯಾಗಿದ್ದ ಭಾಗದಿಂದ. ರಸ್ತೆ ಅಗಲಗೊಳಿಸುವ ಎಂಜಿನಿಯರರು ಎಲ್ಲ ದೇಶಗಳಲ್ಲೂ ಒಂದೇ ಜಾತಿ.

ಟೆಕ್ಸಾಸಿನ ವಾಸ್ತುಶಿಲ್ಪಿ ಜೇಮ್ಸ್ ರೈಲಿ ಗಾರ್ಡನ್ ಈ ಶೈಲಿಯನ್ನು ಹೊಗೆಯ ನಾಡಿನಿಂದ ಸೆಕೆಯ ನಾಡಿಗೆ ಒಗ್ಗಿಸಿದವನು. ಎಲ್ಲಿಸ್ ಕೌಂಟಿಯ ಕಟ್ಟಡವೂ ಅವನದೇ. ಅವನ ನಕ್ಷೆ ಸಮಬಾಹುಗಳ ಶಿಲುಬೆಯಾಕಾರದ್ದು. ನಡುವೆ ಮೇಲಿನವರೆಗೂ ಟೊಳ್ಳಾದ ಮೆಟ್ಟಿಲ ಬಾವಿ, ಅದರ ನೆತ್ತಿಯ ಮೇಲೆ ಗೋಪುರ. ಬಿಸಿಯಾದ ಗಾಳಿ ಆ ಟೊಳ್ಳಿನಲ್ಲಿ ಏರಿ ಗೋಪುರದಿಂದ ಹೊರಹೋದರೆ, ಮೂಲೆಗಳಲ್ಲಿರುವ ನೆರಳಿನ ಜಗಲಿಗಳಿಂದ ತಂಪುಗಾಳಿ ಒಳಗೆ ನುಗ್ಗುತ್ತದೆ. ರಿಚರ್ಡ್‌ಸನ್ನನ ಗೋಪುರ ಗಾಳಿಯನ್ನು ಕೆಳಗೆಳೆದರೆ ಗಾರ್ಡನ್ನನದು ಮೇಲಕ್ಕೆ ಕಳುಹಿಸುತ್ತದೆ. ಫ್ಯಾನೂ ವಿದ್ಯುತ್ತೂ ಹಳ್ಳಿಗಳಿಗೆ ಬಾರದ ಕಾಲದಲ್ಲಿ, ಜುಲೈ ತಿಂಗಳ ಟೆಕ್ಸಾಸಿನಲ್ಲಿ, ಹನ್ನೆರಡು ಮಂದಿ ಜೂರಿಗಳನ್ನು ಒಂದು ಕೋಣೆಯಲ್ಲಿ ಕೂಡಿಸಿ ಎಚ್ಚರವಾಗಿಡುವುದು ಸಣ್ಣ ಮಾತಲ್ಲ.

ಇಪ್ಪತ್ತನೆಯ ಶತಮಾನವನ್ನು ಎರಡು ಮಾತಿನಲ್ಲಿ ಮುಗಿಸಬಹುದು. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಕೇಂದ್ರ ಸರ್ಕಾರದ ಹಣ ಬಂತು, ಅದರೊಂದಿಗೆ ನುಣುಪಾದ ಚೌಕಾಕಾರದ ಕಟ್ಟಡಗಳೂ ಬಂದವು. ಆಮೇಲಿನವುಗಳಲ್ಲಿ ಫ್ರಾಂಕ್ ಲಾಯ್ಡ್ ರೈಟ್ ತನ್ನ ಕೊನೆಯ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಗೆ ರೂಪಿಸಿದ, ಗುಡ್ಡಗಳ ನಡುವೆ ಸೇತುವೆಯಂತೆ ಹಬ್ಬಿದ ಉದ್ದನೆಯ ಭವನವನ್ನು ಬಿಟ್ಟರೆ ಹೇಳಿಕೊಳ್ಳುವಂಥದು ಹೆಚ್ಚಿಲ್ಲ.

ಪ್ರಶ್ನೆ (ನಿವೃತ್ತ ಶಿರಸ್ತೇದಾರರು, ಮಂಗಳೂರು): ನಾನು ಮೂವತ್ತಕ್ಕೂ ಹೆಚ್ಚು ವರ್ಷ ಈ ಜಿಲ್ಲೆಯ ಕೋರ್ಟುಗಳಲ್ಲಿ ಕೆಲಸ ಮಾಡಿದ್ದೇನೆ. ನಮ್ಮ ಹಳೆಯ ಕೋರ್ಟುಗಳಿಗೆ ಗೋಪುರವೂ ಇಲ್ಲ, ಗಡಿಯಾರವೂ ಇಲ್ಲ. ಹಂಚಿನ ಮಾಡು, ಕೆಂಪುಕಲ್ಲಿನ ಗೋಡೆ, ಸುತ್ತ ಜಗಲಿ, ಇಷ್ಟೇ. ನಮ್ಮವರಿಗೆ ಅಭಿರುಚಿ ಇರಲಿಲ್ಲವೇ?

ಉತ್ತರ: ಅಭಿರುಚಿಯ ಪ್ರಶ್ನೆಯಲ್ಲ ಸ್ವಾಮಿ, ಅಧಿಕಾರದ ಪ್ರಶ್ನೆ. ವಾಕ್ಸಹಾಚಿಯ ಕೋರ್ಟನ್ನು ಅದನ್ನು ಬಳಸುವವರೇ ಕಟ್ಟಿಸಿದರು; ನಮ್ಮದನ್ನು ಮದರಾಸಿನಲ್ಲಿ ಕುಳಿತವರು ಮಂಜೂರು ಮಾಡಿದರು. 1799ರ ಮೇ ತಿಂಗಳಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಪ್ರಾಂತ ಕಂಪೆನಿಯ ಕೈಸೇರಿ, ಥಾಮಸ್ ಮುನ್ರೋ ಇಲ್ಲಿನ ಮೊದಲ ಕಲೆಕ್ಟರನಾಗಿ ಬಂದ. ಮರುವರ್ಷವೇ ಇಲ್ಲಿಂದ ಹೊರಟುಹೋದ. 1802ರ ಕಾಯಿದೆಗಳಿಂದ ಮದರಾಸು ಪ್ರಾಂತದಲ್ಲಿ ಕಂದಾಯದಿಂದ ಬೇರೆಯಾದ ಜಿಲ್ಲಾ ನ್ಯಾಯಾಲಯಗಳ ಪದ್ಧತಿ ಆರಂಭವಾಯಿತು. ಅದೇ ಮುನ್ರೋ ಮುಂದೆ ಮಾಡಿದ ಒತ್ತಾಯದಿಂದಾಗಿ 1816ರಲ್ಲಿ ಮ್ಯಾಜಿಸ್ಟ್ರೇಟನ ಅಧಿಕಾರ ನ್ಯಾಯಾಧೀಶನಿಂದ ಕಲೆಕ್ಟರನಿಗೆ ದಾಟಿತು. ಸಣ್ಣಪುಟ್ಟ ಸಿವಿಲ್ ದಾವಾಗಳಿಗೆಂದು ದೇಶೀಯರೇ ಕುಳಿತುಕೊಳ್ಳುವ ಮುನ್ಸಿಫ್ ಕೋರ್ಟುಗಳು ಬಂದವು. ನೀವು ಕೆಲಸಕ್ಕೆ ಸೇರಿದಾಗ ಹಿರಿಯರು ಇನ್ನೂ ‘ಮುನ್ಸಿಫ್ ಕೋರ್ಟು’ ಎನ್ನುತ್ತಿದ್ದುದರ ಹಿಂದೆ ಅಷ್ಟು ಕಾಲದ ಬಳಕೆಯಿದೆ. ಕೆನರಾ 1860ರ ಹೊತ್ತಿಗೆ ಎರಡಾಗಿ, ಉತ್ತರದ ಭಾಗ 1862ರಲ್ಲಿ ಮುಂಬಯಿಗೆ ಹೋಯಿತು, ದಕ್ಷಿಣದ್ದು ಮದರಾಸಿನಲ್ಲೇ ಉಳಿಯಿತು. 1862ರಲ್ಲೇ ಮದರಾಸಿನ ಹೈಕೋರ್ಟು ಸ್ಥಾಪನೆಯಾಯಿತು. 1873ರ ಮದರಾಸು ಸಿವಿಲ್ ಕೋರ್ಟುಗಳ ಕಾಯಿದೆ ಜಿಲ್ಲಾ ಕೋರ್ಟು, ಸಬ್ ಕೋರ್ಟು, ಮುನ್ಸಿಫ್ ಕೋರ್ಟು ಎಂಬ ಮೂರು ಮೆಟ್ಟಿಲುಗಳನ್ನು ಗಟ್ಟಿಮಾಡಿತು.

ಇಲ್ಲಿನ ಕೋರ್ಟು ಈ ಏಣಿಯ ಒಂದು ಮೆಟ್ಟಿಲು ಮಾತ್ರ. ಏಣಿಯ ತುದಿ ಎಲ್ಲಿತ್ತೋ ಅಲ್ಲಿಗೆ ಗೋಪುರ ಹೋಯಿತು. 1892ರಲ್ಲಿ ಉದ್ಘಾಟನೆಯಾದ ಮದರಾಸು ಹೈಕೋರ್ಟಿನ ಕೆಂಪು ಕಟ್ಟಡದ ಗುಮ್ಮಟಗಳನ್ನು ನೋಡಿ. ಅವುಗಳಲ್ಲಿ ಎತ್ತರದ ಒಂದರ ಮೇಲೆ 1894ರಿಂದ ಹಡಗುಗಳಿಗೆ ದಾರಿ ತೋರುವ ದೀಪವನ್ನೇ ಉರಿಸಿದರು. ಅಪೀಲು ಹೂಡುವ ನಮ್ಮವರಿಗೆ ಆ ದೀಪ ಬಹಳ ದೂರದ್ದು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲಷ್ಟೇ ಅಪೀಲಿನ ದಾರಿ ಬೆಂಗಳೂರಿನಲ್ಲಿ ಹೈಕೋರ್ಟಿದ್ದ ಅಠಾರಾ ಕಚೇರಿಯ ಕಡೆಗೆ ತಿರುಗಿತು.

ಇನ್ನು ನಿಮ್ಮ ಕೆಂಪುಕಲ್ಲು, ಹಂಚು, ಜಗಲಿ. ಅವನ್ನು ‘ಇಷ್ಟೇ’ ಎನ್ನಬೇಡಿ. ಮುರಕಲ್ಲು ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಈ ಗುಣವನ್ನು ಕಂಡೇ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕನಾನ್ ತನ್ನ ಪ್ರವಾಸದ ಬರಹದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ, ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. 1807ರಲ್ಲಿ ಅಚ್ಚಾದ ಆ ಹೆಸರು ಇಂದು ಜಗತ್ತಿನ ಭೂವಿಜ್ಞಾನದಲ್ಲೆಲ್ಲ ಇದೆ. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಮಾಡಿನ ವಿಷಯಕ್ಕೆ ಬಂದರೆ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಒಂದಕ್ಕೊಂದು ಕೊಂಡಿಯಾಗಿ ಕೂರುವ ಆ ಹಂಚು ಸರ್ಕಾರಿ ಕಟ್ಟಡಗಳಿಗೆ ಹೇಳಿ ಮಾಡಿಸಿದಂತಿತ್ತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಕಲ್ಲಿನ ಗೋಪುರ ಕಟ್ಟುವುದಕ್ಕಿಂತ ಇಳಿಜಾರಾದ ಮಾಡನ್ನು ಗೋಡೆಗಿಂತ ನಾಲ್ಕು ಮೊಳ ಆಚೆ ಚಾಚುವುದು ಜಾಣತನ. ಹಂಚಿನ ಸಂದಿಯಿಂದ ಬಿಸಿಗಾಳಿ ತಾನಾಗಿ ಹೊರಹೋಗುತ್ತದೆ. ಗಾರ್ಡನ್ ಗೋಪುರ ಕಟ್ಟಿ ಮಾಡಿದ ಕೆಲಸದ ಒಂದು ಪಾಲನ್ನು ನಮ್ಮ ಹಂಚು ಸದ್ದಿಲ್ಲದೆ ಮಾಡಿತು. ಇನ್ನು ಜಗಲಿಯಿಲ್ಲದ ಕೋರ್ಟನ್ನು ಜಡಿಮಳೆಯ ಆಟಿ ತಿಂಗಳಿನಲ್ಲಿ ಊಹಿಸಿಕೊಳ್ಳಿ: ವಕೀಲರು, ಕಕ್ಷಿಗಾರರು, ಸಾಕ್ಷಿಗಳು, ಅವರೆಲ್ಲರ ಕೊಡೆಗಳು!

ದಾಖಲೆ ಕೋಣೆಯ ವಿಚಾರದಲ್ಲೂ ಹಾಗೆಯೇ. ಅಲ್ಲಿ ಬೆಂಕಿಯ ಭಯವಾದರೆ ಇಲ್ಲಿ ತೇವ ಮತ್ತು ಗೆದ್ದಲಿನ ಭಯ. ದಪ್ಪ ಗೋಡೆ, ಎತ್ತರದ ಅಡಿಪಾಯ, ಗೋಡೆಗೆ ತಾಗದ ಕಪಾಟು ಇವೆಲ್ಲ ಅದಕ್ಕಾಗಿ. ಕಡತಗಳೂ ಕಡಿಮೆಯೇನಲ್ಲ. ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಕಾಯಂ ಅಲ್ಲದ ಗೇಣಿ), ಕುಮ್ಕಿ (ಜಮೀನಿಗೆ ತಾಗಿದ ಸರ್ಕಾರಿ ನೆಲದ ಬಳಕೆಯ ಹಕ್ಕು), ಕುಟುಂಬದ ಪಾಲು ಎಂದು ಈ ಜಿಲ್ಲೆಯ ಜನರು ತಲೆಮಾರುಗಟ್ಟಲೆ ದಾವಾ ನಡೆಸಿದ್ದಾರೆ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿದುಬರುವ ಅಳಿಯಸಂತಾನದ ಕುಟುಂಬದಲ್ಲಿ ಒಬ್ಬರು ಬಯಸಿದ ಮಾತ್ರಕ್ಕೆ ಪಾಲಾಗುವಂತಿಲ್ಲ ಎಂದು ಮದರಾಸು ಹೈಕೋರ್ಟು 1863ರ ಸುಮಾರಿಗೇ ತೀರ್ಪು ಕೊಟ್ಟಿತ್ತು. 1949ರ ಕಾಯಿದೆ ಬರುವವರೆಗೆ ಆ ಗಂಟು ಸಡಿಲಲಿಲ್ಲ. 1870ರ ದಶಕದ ಆರಂಭದಲ್ಲಿ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲ್ ದೊಡ್ಡ ಸಂಸ್ಕೃತ ವಿದ್ವಾಂಸ. ದಕ್ಷಿಣ ಭಾರತದ ಲಿಪಿಗಳನ್ನು ಕುರಿತ ಅವನ ಗ್ರಂಥ 1874ರಲ್ಲಿ ಇಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ ಅಚ್ಚಾಯಿತು. ಹಗಲೆಲ್ಲ ನಮ್ಮವರ ಗೇಣಿ ತಕರಾರು ಕೇಳಿ ರಾತ್ರಿ ಶಾಸನಗಳ ಅಕ್ಷರ ಬಿಡಿಸುತ್ತ ಕುಳಿತ ಆ ಮನುಷ್ಯನನ್ನು ನೆನೆದಾಗ ನನಗೆ ಗೋಪುರದ ಕೊರತೆ ಅಷ್ಟಾಗಿ ಕಾಡುವುದಿಲ್ಲ.

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ, ಬಲ್ಮಠ, ಮಂಗಳೂರು): ಕೋರ್ಟು ಪೇಟೆಯ ನಡುವೆ, ಎಲ್ಲರ ಕಣ್ಣೆದುರು ಇದ್ದರೆ ನ್ಯಾಯವೂ ಜನರಿಗೆ ಹತ್ತಿರವಾಗುತ್ತದೆ ಅಲ್ಲವೇ?

ಉತ್ತರ: ಹಾಗೆಂದೇ ಕಟ್ಟಿದರು. ಟೆನೆಸಿಯ ಶೆಲ್ಬಿವಿಲ್ ಎಂಬ ಊರಿನ ಮಾದರಿ ಇದಕ್ಕೆ ಪ್ರಸಿದ್ಧ: ಪೇಟೆಯ ನಡುವಿನ ಒಂದು ಚೌಕವನ್ನು ಪೂರ್ತಿ ಕೋರ್ಟಿಗೆ ಬಿಟ್ಟು, ನಾಲ್ಕು ಬದಿಯಲ್ಲಿ ಬೀದಿ, ಬೀದಿಯಾಚೆ ಕೋರ್ಟಿಗೆ ಮುಖ ಮಾಡಿದ ಅಂಗಡಿಗಳು. ಕಟ್ಟಡಕ್ಕೆ ಹಿಂಭಾಗ ಎಂಬುದೇ ಇಲ್ಲ. ನಾಲ್ಕೂ ಕಡೆಯವರಿಗೆ ಮುಖ ತೋರಿಸಬೇಕಾದ್ದರಿಂದಲೇ ಅನೇಕ ಕಡೆ ನಾಲ್ಕು ಬಾಗಿಲು, ಗೋಪುರದಲ್ಲಿ ನಾಲ್ಕು ಗಡಿಯಾರ.

ಆದರೆ ‘ಜನರು’ ಎಂದರೆ ಯಾರು ಎಂಬ ಪ್ರಶ್ನೆ ಅಲ್ಲೇ ಎದುರಾಗುತ್ತದೆ. ದಕ್ಷಿಣದ ರಾಜ್ಯಗಳ ಕೋರ್ಟುಗಳಲ್ಲಿ ವಿಚಾರಣೆ ನೋಡಲು ಬಂದ ಕಪ್ಪು ಜನರಿಗೆ ಮೇಲಿನ ಬಾಲ್ಕನಿ ಮಾತ್ರ. ಆ ಬಾಲ್ಕನಿಗೆ ಏರುವ ಮೆಟ್ಟಿಲನ್ನೂ ನಕ್ಷೆಯಲ್ಲೇ ಬೇರೆಯಾಗಿ ಇಟ್ಟ ಕಟ್ಟಡಗಳಿದ್ದವು. ಎಲ್ಲಿಸ್ ಕೌಂಟಿಯ ಕೋರ್ಟನ್ನು ರೂಪಿಸಿದ ಅದೇ ಗಾರ್ಡನ್, ದಕ್ಷಿಣಕ್ಕೆ ನೂರು ಮೈಲಿಯೂ ಇಲ್ಲದ ವೇಕೋ ನಗರದಲ್ಲಿ ಮೆಕ್ಲೆನನ್ ಕೌಂಟಿಗೆ ಕಟ್ಟಿದ ಕೋರ್ಟ್‌ಹೌಸ್ 1902ರಲ್ಲಿ ಮುಗಿಯಿತು. 1916ರ ಮೇ ತಿಂಗಳಲ್ಲಿ ಅಲ್ಲಿ ಜೆಸ್ಸಿ ವಾಷಿಂಗ್ಟನ್ ಎಂಬ ಹದಿಹರೆಯದ ಕಪ್ಪು ಹುಡುಗನ ಮೇಲಿನ ಕೊಲೆ ಆರೋಪದ ವಿಚಾರಣೆ ನಡೆದು, ಜೂರಿ ತೀರ್ಮಾನ ಹೇಳಿದ್ದೇ ತಡ, ಕೋಣೆಯಲ್ಲಿ ಕಿಕ್ಕಿರಿದಿದ್ದ ಗುಂಪು ಅವನನ್ನು ನ್ಯಾಯಾಧೀಶರ ಎದುರಿನಿಂದಲೇ ಎಳೆದೊಯ್ದು, ಪುರಭವನದ ಮುಂದೆ ಸಾವಿರಾರು ಮಂದಿಯ ಕಣ್ಣೆದುರು ಜೀವಂತ ಸುಟ್ಟಿತು. ಬಾಗಿಲುಗಳು ಬೀದಿಗೆ ತೆರೆದೇ ಇದ್ದವು. ಅಲಬಾಮಾದ ಸೆಲ್ಮಾದಲ್ಲಿ 1965ರಲ್ಲಿ ಕಪ್ಪು ನಾಗರಿಕರು ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿರೆಂದು ಸಾಲುಗಟ್ಟಿ ನಿಂತದ್ದು ಕೌಂಟಿ ಕೋರ್ಟ್‌ಹೌಸಿನ ಮೆಟ್ಟಿಲುಗಳ ಮುಂದೆ. ಅವರನ್ನು ತಡೆದು ಹಿಂದಕ್ಕಟ್ಟಿದವನು ಆ ಕೌಂಟಿಯ ಚುನಾಯಿತ ಶೆರಿಫ್.

ನಮ್ಮ ಜಿಲ್ಲೆಯ ಕೋರ್ಟಿನ ಮೆಟ್ಟಿಲನ್ನು ಹತ್ತಿದ ಕುದ್ಮುಲ್ ರಂಗರಾವ್ ವೃತ್ತಿಯಿಂದ ವಕೀಲರು. ಆಗ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆಯಬೇಕೆಂದು ತೀರ್ಮಾನಿಸಿದ ಮೇಲೆ, 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಅವರು ಕಟ್ಟಿದ್ದು ಕೋರ್ಟಿನ ಆವರಣದಿಂದ ಹೊರಗೆ. ಕಟ್ಟಡ ಎಲ್ಲಿದೆ ಎಂಬುದಕ್ಕಿಂತ ಒಳಗೆ ಯಾರ ಮಾತು ನಡೆಯುತ್ತದೆ ಎಂಬುದನ್ನು ಕಾನೂನು ಓದುವ ನೀವು ಮೊದಲು ನೋಡಬೇಕು.

ಪ್ರಶ್ನೆ (ಮಲ್ಪೆ): ವಾಕ್ಸಹಾಚಿಯ ಆ ಕಟ್ಟಡದ ಕಂಬಗಳ ಮೇಲೆ ವಿಕಾರವಾದ ಮುಖಗಳಿವೆಯಂತೆ. ಪ್ರೇಮದಲ್ಲಿ ಸೋತ ಶಿಲ್ಪಿಯೊಬ್ಬ ಕೆತ್ತಿದ್ದು ಎಂದು ನನ್ನ ತಮ್ಮ ಹೇಳುತ್ತಾನೆ. ನಿಜವೇ?

ಉತ್ತರ: ಮುಖಗಳಿರುವುದು ನಿಜ. ಶಿಲ್ಪಿ ತಾನು ಉಳಿದುಕೊಂಡಿದ್ದ ಮನೆಯ ಹುಡುಗಿಯನ್ನು ಮೋಹಿಸಿ ಮೊದಲು ಅವಳ ಸುಂದರ ಮುಖವನ್ನು ಕೆತ್ತಿದನೆಂದೂ, ಅವಳು ನಿರಾಕರಿಸಿದಂತೆಲ್ಲ ಮುಖಗಳು ಕುರೂಪವಾಗುತ್ತ ಹೋದವೆಂದೂ ಅಲ್ಲಿನವರು ಹೇಳುತ್ತಾರೆ. ಒಳ್ಳೆಯ ಕಥೆ, ಆದರೆ ಕಥೆ. ಹಲ್ಲು ಕಿರಿಯುವ, ನಾಲಗೆ ಚಾಚುವ ಮುಖಗಳು ಈ ಶೈಲಿಯ ಮೂಲವಾದ ಮಧ್ಯಯುಗದ ಯುರೋಪಿನ ಚರ್ಚುಗಳಲ್ಲೇ ಧಾರಾಳವಾಗಿವೆ. ನಮ್ಮ ದೇವಸ್ಥಾನಗಳ ಬಾಗಿಲವಾಡದ ಮೇಲಿನ ಕೀರ್ತಿಮುಖಕ್ಕೆ ಪ್ರೇಮಭಂಗವೇ ಕಾರಣವೆಂದು ಯಾರೂ ಹೇಳುವುದಿಲ್ಲವಷ್ಟೆ.

ಪ್ರಶ್ನೆ (ಸುರತ್ಕಲ್): ಆ ಹಳೆಯ ಕೋರ್ಟುಗಳು ಈಗಲೂ ಬಳಕೆಯಲ್ಲಿವೆಯೇ, ಇಲ್ಲವೇ ಮ್ಯೂಸಿಯಂ ಆಗಿವೆಯೇ?

ಉತ್ತರ: ಎರಡೂ ಉಂಟು. ಡಲ್ಲಾಸಿನ 1892ರ ‘ಓಲ್ಡ್ ರೆಡ್’ ಎಂಬ ಕೆಂಪು ಕೋರ್ಟು ಕೆಲವು ಕಾಲ ಮ್ಯೂಸಿಯಂ ಆಗಿತ್ತು. ಪಿಟ್ಸ್‌ಬರ್ಗಿನಲ್ಲಿ ಕೋರ್ಟು ಕೋರ್ಟಾಗಿಯೇ ಇದೆ, ಸೇತುವೆಯಾಚೆಯ ಜೈಲು 1995ರಲ್ಲಿ ಬರಿದಾಯಿತು. ಟೆಕ್ಸಾಸಿನಲ್ಲಿ ಸೋರುವ ಮಾಡು, ಹಳೆಯ ವಿದ್ಯುತ್ ತಂತಿ, ಎತ್ತರದ ಕೋಣೆಯನ್ನು ಅಡ್ಡಡ್ಡ ಕತ್ತರಿಸಿ ಹಾಕಿದ ಸುಳ್ಳು ಚಾವಣಿ ಇವುಗಳಿಂದ ನೂರಾರು ಕಟ್ಟಡಗಳು ಕೆಟ್ಟಿದ್ದವು. 1998ರಲ್ಲಿ ಅಲ್ಲಿನ ರಾಷ್ಟ್ರೀಯ ಸಂರಕ್ಷಣಾ ಟ್ರಸ್ಟ್ ಟೆಕ್ಸಾಸಿನ ಕೋರ್ಟ್‌ಹೌಸುಗಳನ್ನು ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಿತು. ಮರುವರ್ಷ ರಾಜ್ಯವೇ ದುರಸ್ತಿಗೆ ಹಣ ಕೊಡುವ ಯೋಜನೆಯನ್ನು ಆರಂಭಿಸಿತು. ಎಲ್ಲಿಸ್ ಕೌಂಟಿಯ ಕಟ್ಟಡ ಆ ಯೋಜನೆಯ ಆರಂಭದ ವರ್ಷಗಳಲ್ಲೇ ದುರಸ್ತಿ ಕಂಡದ್ದು. ಕದ್ರಿಯ ಶಿಕ್ಷಕಿಯವರು ಮುಂದಿನ ಸಲ ಮಗಳ ಮನೆಗೆ ಹೋದಾಗ ಹೊರಗಿನಿಂದ ಫೋಟೋ ತೆಗೆದು ಹಿಂದಿರುಗಬಾರದು. ಕೆಲಸದ ದಿನ ಹೋಗಿ, ಬಾಗಿಲಲ್ಲಿ ಕೈಚೀಲ ತಪಾಸಣೆ ಮುಗಿಸಿ, ನಡುವಿನ ಮೆಟ್ಟಿಲ ಬಾವಿಯಲ್ಲಿ ನಿಂತು ತಲೆಯೆತ್ತಿ ನೋಡಲಿ. ಆಮೇಲೆ ಒಂದು ಮಹಡಿ ಹತ್ತಿ ಕೋರ್ಟಿನ ಕೋಣೆಯನ್ನೂ ನೋಡಿ ಬರಲಿ.